ಕೂಪನ್ನಿನಷ್ಟು ಜಾಗ: ಮುಂಬಯಿ ಕನ್ನಡಿಗರ ನೆನಪಿನ ಬರಹಗಳ ಬಗ್ಗೆ

ಮುಂಬಯಿಯಲ್ಲಿ ಕನ್ನಡ ಪುಸ್ತಕದ ಬಿಡುಗಡೆ ಎಂದರೆ ಹೆಚ್ಚಾಗಿ ಭಾನುವಾರ ಸಂಜೆ. ಬೇರೆ ದಿನ ಇಟ್ಟರೆ ಜನ ಬರುವುದಿಲ್ಲ, ಬಂದವರ ಕಣ್ಣು ಕೊನೆಯ ಫಾಸ್ಟ್ ಲೋಕಲಿನ ಮೇಲಿರುತ್ತದೆ. ಸ್ವಾಗತ, ಪ್ರಾರ್ಥನೆ, ಊರಿನಿಂದ ಬಂದ ಅತಿಥಿಗಳ ಭಾಷಣ, ಆಮೇಲೆ ಉಪ್ಪಿಟ್ಟು, ಶೀರಾ, ಕಾಫಿ. ಹೊರಡುವಾಗ ಲೇಖಕರು ಕೈಗೊಂದು ಪ್ರತಿ ಕೊಟ್ಟು, "ಓದಿ ಎರಡು ಮಾತು ಬರೀರಿ" ಎನ್ನುತ್ತಾರೆ. ಹೀಗೆ ಬಂದು ಸೇರಿದ ನೆನಪಿನ ಪುಸ್ತಕಗಳು ಡೊಂಬಿವಲಿಯ ನನ್ನ ಮನೆಯ ಕಪಾಟಿನಲ್ಲಿ ಈಗ ಒಂದೂವರೆ ಸಾಲು ಆಗಿವೆ. ಹೋಟೆಲು ನಡೆಸಿದವರದ್ದು, ಬ್ಯಾಂಕಿನವರದ್ದು, ಗಿರಣಿಯ ಟೈಮ್ ಕೀಪರು ಆಗಿದ್ದವರದ್ದು, ಮುನಿಸಿಪಾಲಿಟಿ ಶಾಲೆಯ ಮಾಸ್ತರರದ್ದು. ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಅವರಲ್ಲಿ ಹೆಚ್ಚಿನವರು ನನಗೆ ಆಪ್ತರು, ಕೆಲವರು ಈಗ ಇಲ್ಲ. ಮೇಲಾಗಿ, ಮುಂದೆ ಗೊತ್ತಾಗುವ ಹಾಗೆ, ಅವರ ತಪ್ಪುಗಳನ್ನೆಲ್ಲ ನಾನೂ ಮಾಡಿದ್ದೇನೆ.

ಒಂದೂವರೆ ಸಾಲನ್ನು ಒಟ್ಟಿಗೆ ಓದಿದರೆ ಅದು ಒಂದೇ ಪುಸ್ತಕದಂತೆ ಕಾಣುತ್ತದೆ. ಮೊದಲು ಊರು: ಹೊಳೆ, ಸಂಕ, ಮಳೆಗಾಲದ ಕೊರಂಬು, ಯಕ್ಷಗಾನದ ಚೌಕಿ, ಅಜ್ಜಿಯ ಕತೆ. ಇದಕ್ಕೆ ನೂರು ಪುಟ. ಆಮೇಲೆ ಬಡತನ, ಮುಂಬಯಿಯ ಬಸ್ಸು, ಅಮ್ಮ ಕಟ್ಟಿಕೊಟ್ಟ ಬುತ್ತಿ. ಆಮೇಲೆ ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ. ಇದು ಹದಿನೈದು ಪುಟ. ಮುಂದಿನ ಮೂವತ್ತು ವರ್ಷಕ್ಕೆ ಹತ್ತು ಪುಟ. ಕಡೆಗೆ ಸಂಘ, ಅಧ್ಯಕ್ಷತೆ, ಶಾಲು, ಫೋಟೋಗಳು. ಹದಿನೈದು ವರ್ಷ ಬಾಳಿದ ಊರಿಗೆ ನೂರು ಪುಟ, ನಲವತ್ತೈದು ವರ್ಷ ಬಾಳಿದ ನಗರಕ್ಕೆ ಇಪ್ಪತ್ತೈದು. ಲೆಕ್ಕ ಎಲ್ಲೋ ತಪ್ಪಿದೆ ಎಂದು ಓದುವವನಿಗೆ ಅನಿಸದೆ ಇರುವುದಿಲ್ಲ.

ಈ ಇಪ್ಪತ್ತೈದು ಪುಟಗಳಲ್ಲಿ ಅಲ್ಲಲ್ಲಿ ಊರು ಫಕ್ಕನೆ ಹೊಳೆದು ಮರೆಯಾಗುತ್ತದೆ. ಮಾಟುಂಗಾದ ಹೂವಿನವರ ಸಾಲಿನಲ್ಲಿ ಬಾಳೆಎಲೆಯ ಕಟ್ಟು ಕಂಡಾಗ, ಮಂಗಳೂರು ಸ್ಟೋರಿನಲ್ಲಿ ಕುಚ್ಚಲಕ್ಕಿಯ ಚೀಲಕ್ಕೆ ಕೈ ಹಾಕಿದಾಗ, ಜೂನ್ ತಿಂಗಳ ಮೊದಲ ಮಳೆಗೆ ಪ್ಲಾಟ್‌ಫಾರಂ ಒದ್ದೆಯಾದಾಗ. ಈ ಗಳಿಗೆಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ನನಗೇ ಆದದ್ದು ಹೇಳುತ್ತೇನೆ. ಒಂದು ಬೆಳಿಗ್ಗೆ ಫಾಸ್ಟ್ ಲೋಕಲಿನಲ್ಲಿ ಉಸಿರಾಡಲೂ ಜಾಗವಿಲ್ಲದೆ ನಿಂತಿದ್ದೆ. ಬೆನ್ನ ಹಿಂದೆ ಯಾರೋ ಫೋನಿನಲ್ಲಿ, "ಮಳಿ ಬಂತಾ? ಗದ್ದಿಗ್ ನೀರ್ ನಿತ್ತಿತಾ?" ಎಂದರು. ಅಪ್ಪಟ ಕುಂದಾಪುರದ ಮಾತು. ತಿರುಗಿ ನೋಡಲು ಆಗುವಂತಿರಲಿಲ್ಲ. ಮಾತು ಮುಗಿಯುವುದರೊಳಗೆ ನಾನು ಇಳಿಯಬೇಕಾದ ಥಾಣೆ ಹಿಂದೆ ಹೋಗಿತ್ತು. ಘಾಟ್‌ಕೋಪರದಲ್ಲಿ ಇಳಿದು ವಾಪಸು ಬಂದೆ. ಆ ಮನುಷ್ಯನ ಮುಖ ಇವತ್ತಿಗೂ ಗೊತ್ತಿಲ್ಲ.

ಇಂಥ ಪ್ರಸಂಗ ನಮ್ಮ ಪ್ರತಿಯೊಂದು ಪುಸ್ತಕದಲ್ಲೂ ಒಂದೆರಡಾದರೂ ಇದೆ. ತಕರಾರು ಏನೆಂದರೆ, ಬರೆಯುವವರು ಅಲ್ಲಿಗೇ ನಿಲ್ಲಿಸುತ್ತಾರೆ. "ಕಣ್ಣು ತೇವವಾಯಿತು" ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಗದ್ದೆಗೆ ನೀರು ನಿಂತಿದೆಯೇ ಎಂದು ಕೇಳಿದವನ ಗದ್ದೆಯನ್ನು ಈಗ ಯಾರು ಮಾಡುತ್ತಿದ್ದಾರೆ? ನನ್ನ ಗದ್ದೆ ಹಡಿಲು ಬಿದ್ದು ಎಷ್ಟು ವರ್ಷವಾಯಿತು? ಕಣ್ಣು ತೇವವಾದದ್ದು ನೆನಪಿನಿಂದಲೋ, ನಾಚಿಕೆಯಿಂದಲೋ? ಬರಹ ಶುರುವಾಗಬೇಕಾದದ್ದು ಈ ಪ್ರಶ್ನೆಗಳಿಂದ. ನಮ್ಮ ಪುಸ್ತಕಗಳಲ್ಲಿ ಬರಹ ಮುಗಿಯುವುದೇ ಇಲ್ಲಿ.

ಇದರಲ್ಲಿ ಊರಿನ ಓದುಗರಾದ ನಿಮ್ಮ ಪಾಲೂ ಸ್ವಲ್ಪ ಉಂಟು, ಬೇಸರ ಮಾಡಿಕೊಳ್ಳಬೇಡಿ. ವಿಶೇಷಾಂಕಕ್ಕೆ ಲೇಖನ ಕೇಳುವಾಗ ಊರಿನ ಸಂಪಾದಕರು, "ಹೊರನಾಡಿನಲ್ಲಿದ್ದೀರಿ, ಊರಿನ ನೆನಪು ಬರೆದುಕೊಡಿ" ಎನ್ನುತ್ತಾರೆ. ಡೊಂಬಿವಲಿಯ ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದುಕೊಡಿ ಅಂತ ನನ್ನನ್ನು ಈವರೆಗೆ ಯಾರೂ ಕೇಳಿಲ್ಲ. ಊರಿನಲ್ಲಿ ಇರುವವರಿಗೇ ಈಗ ಸಿಗದ ಒಂದು ಊರನ್ನು ನಾವು ಬರೆದು ಕಳಿಸಬೇಕು, ನಾವೂ ಕಳಿಸುತ್ತೇವೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಊರು ಸೇರಬಹುದು. ಕೈಯಲ್ಲಿ ಮೊಬೈಲು ಇದೆ, ಅಕ್ಕನ ಮನೆಯ ಅಂಗಳವನ್ನು ಲೋಕಲಿನಲ್ಲಿ ನಿಂತೇ ನೋಡಬಹುದು. ಆದರೂ ಪುಸ್ತಕದ ಊರು ಮಾತ್ರ 1965ರ ಆಸುಪಾಸಿನಲ್ಲೇ ನಿಂತಿದೆ.

ಕತೆ ಕಾದಂಬರಿಗಳಲ್ಲಿ ಮುಂಬಯಿಯ ಕನ್ನಡಿಗರು ಈ ಕೆಲಸವನ್ನು ಎಂದೋ ಚೆನ್ನಾಗಿ ಮಾಡಿದ್ದಾರೆ. ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕೂತು ಬದುಕಿನುದ್ದಕ್ಕೂ ಉತ್ತರ ಕನ್ನಡದ ಹನೇಹಳ್ಳಿಯನ್ನು ಬರೆದರು. ಅವರು 2014ರಲ್ಲಿ ತೀರಿಕೊಂಡಾಗ ಎಷ್ಟೋ ಜನ ಹನೇಹಳ್ಳಿಯನ್ನು ನೆನೆದರು, ಅದೊಂದು ಸ್ವರ್ಗವೋ ಎಂಬಂತೆ. ಚಿತ್ತಾಲರ ಹನೇಹಳ್ಳಿ ಅಂಥ ಊರಲ್ಲ. ಅಲ್ಲಿ ಗುಸುಗುಸು ಇದೆ, ಭಯ ಇದೆ, ಮನೆ ಬಿಟ್ಟು ಹೋದವರು ಇದ್ದಾರೆ, ಹೇಳದೆ ಉಳಿದ ಸಾವುಗಳಿವೆ. 1979ರ 'ಶಿಕಾರಿ'ಯಲ್ಲಿ ನಾಗಪ್ಪನ ಬೆನ್ನು ಹತ್ತುವುದು ಕಂಪನಿಯ ಒಳಸಂಚು ಎಂದು ನಾವು ಓದುತ್ತೇವೆ, ಆದರೆ ಅವನ ಜೊತೆಗೇ ಬಾಲ್ಯವೂ ಮುಂಬಯಿಗೆ ಬಂದು ಬಾಗಿಲ ಬಳಿ ಕಾಯುತ್ತಿರುತ್ತದೆ. ಊರಿನ ನಂಟು ಎಂಬುದು ಮೈಗೆ ಹತ್ತಿಕೊಂಡ ಜ್ವರದಂತೆ ಕೂಡ ಬರಬಹುದು ಎಂದು ಚಿತ್ತಾಲರಿಗೆ ಗೊತ್ತಿತ್ತು.

ಜಯಂತ ಕಾಯ್ಕಿಣಿಯವರ ದಾರಿ ಬೇರೆ. ಗೋಕರ್ಣದವರು, ಕೆಲಸಕ್ಕೆಂದು ಮುಂಬಯಿಗೆ ಬಂದವರು. ಅವರ ಮುಂಬಯಿ ಕತೆಗಳಲ್ಲಿ ಗೋಕರ್ಣವನ್ನು ಹುಡುಕಿದರೆ ಸಿಗುವುದು ಕಷ್ಟ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ತಂದೆತಾಯಿ ಯಾರೆಂದು ಗೊತ್ತಿಲ್ಲದ ಇಬ್ಬರು ತಮ್ಮ ಮದುವೆಯ ಕರೆಯೋಲೆಯಲ್ಲಿ ಹೆಸರು ಹೇಗೆ ಹಾಕಿಸುವುದು ಎಂದು ಯೋಚಿಸುತ್ತಾರೆ. ಊರು, ಮನೆತನ, ಅಡ್ಡಹೆಸರು ಯಾವುದೂ ಇಲ್ಲದವರು. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಇದೇ ಹೆಸರಿನ ಸಂಕಲನಕ್ಕೆ 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ನಮ್ಮ ಆತ್ಮಕತೆಗಳ ಮೇಲೆ ಆ ಕತೆಗಳ ನೆರಳು ಬಿದ್ದೇ ಇಲ್ಲ. ಊರನ್ನು ನೆನಪಿಸದ ಮುಂಬಯಿಯ ಗಳಿಗೆಯೂ ಮನೆಯೇ ಆಗಬಹುದು ಎಂಬ ಸುಳಿವು ಅವುಗಳಲ್ಲಿದೆ. ನಾವದನ್ನು ಕತೆಗಾರರಿಗೇ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ.

ಒಂದೂವರೆ ಸಾಲಿನಲ್ಲಿ ಒಂದು ಪುಸ್ತಕದ ಎರಡೂವರೆ ಪುಟ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿದ್ದು. ಬರೆದವರು ಹನ್ನೆರಡನೇ ವಯಸ್ಸಿಗೆ ಹೋಟೆಲು ಸೇರಿದವರು. ರಾತ್ರಿ ಬೆಂಚು ಜೋಡಿಸಿ ಮಲಗುವುದು, ನಸುಕಿಗೆ ಇಡ್ಲಿ ಅಟ್ಟದ ಹಬೆಗೆ ಎಚ್ಚರವಾಗುವುದು. ಮೊದಮೊದಲು ಆ ಹಬೆಗೆ ಅಮ್ಮ ನೆನಪಾಗುತ್ತಿದ್ದಳು. ಐದು ವರ್ಷದ ಮೇಲೆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಸಂಭ್ರಮದಿಂದ ಇಡ್ಲಿ ಮಾಡಿದಳು. ಅಟ್ಟದ ಮುಚ್ಚಳ ತೆಗೆದದ್ದೇ ಇವರಿಗೆ ಮಾಲಕರ ಬೈಗುಳ ನೆನಪಾಗಿ ಹೊಟ್ಟೆ ತೊಳಸಿತು. ತಿನ್ನಲಾಗದೆ ಎದ್ದುಹೋದರು. ಮಗ ಮುಂಬಯಿಗೆ ಹೋಗಿ ದೊಡ್ಡ ಮನುಷ್ಯನಾದ, ಮನೆಯ ತಿಂಡಿ ಸೇರುವುದಿಲ್ಲ ಎಂದು ಅಮ್ಮ ನೆರೆಯವರ ಹತ್ತಿರ ಹೇಳಿಕೊಂಡಳು. ಇಷ್ಟೇ. ಲೇಖಕರು ಇದನ್ನು ಏನೂ ಬಣ್ಣ ಹಚ್ಚದೆ ಬರೆದಿದ್ದಾರೆ. ಆಮೇಲೆ ತಾವು ಇಂಥದ್ದೊಂದು ಬರೆದೆವೆಂಬುದೇ ಮರೆತವರಂತೆ ಸಂಘದ ಬೆಳ್ಳಿಹಬ್ಬದ ವರ್ಣನೆಗೆ ಹೋಗಿಬಿಟ್ಟಿದ್ದಾರೆ! ಸಿಕ್ಕಿದಾಗ ಕೇಳಿದೆ. "ಅದಾ? ತೆಗೀಬೇಕು ಅಂತಿದ್ದೆ. ಅಮ್ಮನ ಬಗ್ಗೆ ಹಾಗೆ ಬರೆಯಬಾರದಿತ್ತು" ಎಂದರು.

ಈಗ ನನ್ನ ಕತೆ. ನಿವೃತ್ತನಾದ ಮೇಲೆ ನಾನೂ ಬರೆಯಲು ಕೂತೆ. ಊರಿನ ಉಪ್ಪರಿಗೆ ಮನೆಯನ್ನು ಮಾರುವ ಮಾತು ಆಗ ನಡೆಯುತ್ತಿತ್ತು, ಮನೆ ಹೋಗುವ ಮೊದಲು ಪುಸ್ತಕದಲ್ಲಾದರೂ ಉಳಿಯಲಿ ಎಂಬ ಆಸೆ. ಇನ್ನೂರು ಪುಟ ಆಯಿತು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಧ್ಯಾಯ 'ಬೆಳಗಿನ ಗಂಜಿ'. ಕರಟದ ಸೌಟು, ಮಾವಿನ ಮಿಡಿ, ಸುಟ್ಟ ಹಪ್ಪಳ, ಒಲೆಯ ಹೊಗೆ. ಅಲ್ಲಿಂದ ಡೊಂಬಿವಲಿಗೆ ಬಂದು, ಭಾನುವಾರ ನಾವು ಈಗಲೂ ಗಂಜಿ ಉಣ್ಣುತ್ತೇವೆ, ಆ ಹೊತ್ತಿಗೆ ನಮ್ಮ ಎರಡನೇ ಮಾಳಿಗೆಯ ಅಡಿಗೆಮನೆಯೇ ಊರಾಗಿಬಿಡುತ್ತದೆ ಎಂದು ಮುಗಿಸಿದ್ದೆ. ಗೆಳೆಯರು ಓದಿ ಹೊಗಳಿದರು. ಒಬ್ಬರಂತೂ ಇದನ್ನು ಪಠ್ಯಕ್ಕೆ ಇಡಬಹುದು ಎಂದರು.

ಹಸ್ತಪ್ರತಿಯನ್ನು ಅಕ್ಕನಿಗೆ ತೆಗೆದುಕೊಂಡು ಹೋದೆ. ಅಕ್ಕನಿಗೆ ಎಪ್ಪತ್ತು ದಾಟಿದೆ, ಓದಿದ್ದು ಏಳನೇ ಕ್ಲಾಸು, ಆದರೆ ಪತ್ರಿಕೆಯ ಒಂದು ಅಕ್ಷರ ಬಿಡುವವಳಲ್ಲ. ಎರಡು ಮಧ್ಯಾಹ್ನ ಚಾವಡಿಯಲ್ಲಿ ಕೂತು ಓದಿದಳು. ಮೂರನೇ ದಿನ ಹೇಳಿದಳು: "ಚಂದ ಬರ್ದಿದ್ದೆ. ಆರೆ ಇದ್ ಯಾರ್ ಮನಿ ಮರಾಯಾ?"

ನಾನು ನಕ್ಕೆ. ಅವಳು ನಗಲಿಲ್ಲ. "ಅಗುಳೆಲ್ಲ ನಿಮ್ಗೆ ಬಡ್ಸಿ, ಅಬ್ಬಿ ಮತ್ ನಾನ್ ತಿಳಿ ಕುಡಿತಿದ್ದದ್ದ್. ಅದ್ ಎಲ್ಲಿತ್ತ್ ಇದ್ರಗೆ?"

ಅಗುಳು ಅಪ್ಪಯ್ಯನಿಗೆ, ನನಗೆ. ಅಮ್ಮನಿಗೂ ಅಕ್ಕನಿಗೂ ತಳದ ತಿಳಿ. ಆಷಾಢದಲ್ಲಿ ಅದೂ ಒಂದೇ ಹೊತ್ತು. ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಅಡಿಗೆಮನೆಯಲ್ಲಿ ಅವರು ಆಮೇಲೆ ಉಣ್ಣುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ನೋಡಲು ನಾನು ಒಳಗೆ ಹೋದವನಲ್ಲ. ಗಂಜಿಯ ಪರಿಮಳದ ಬಗ್ಗೆ ಆರು ಪುಟ ಬರೆದಿದ್ದೆ.

ಅಕ್ಕ ಎದ್ದು ಒಳಗೆ ಹೋಗಿ ಒಂದು ತಂತಿಯನ್ನು ತಂದಳು. ಹಿಂದೆ ಆಫೀಸುಗಳಲ್ಲಿ ರಸೀದಿಗಳನ್ನು ಚುಚ್ಚಿಡುತ್ತಿದ್ದರಲ್ಲ, ಅಂಥ ಕೊಕ್ಕೆಯ ತಂತಿ. ಅದರ ತುಂಬ ನಾನು ಕಳಿಸಿದ ಮನಿಯಾರ್ಡರುಗಳ ಕೂಪನ್ನುಗಳು. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ: ಮನಿಯಾರ್ಡರ್ ಫಾರಮ್ಮಿನ ಒಂದು ತುದಿಯಲ್ಲಿ ಸಂದೇಶ ಬರೆಯಲು ಸಣ್ಣ ಜಾಗ ಇರುತ್ತಿತ್ತು. ಹಣ ಎಣಿಸಿ ಕೊಡುವಾಗ ಪೋಸ್ಟಿನವನು ಆ ಭಾಗವನ್ನು ಹರಿದು ಕೊಡುತ್ತಿದ್ದ. ಹಣ ಪಡೆದವರ ರುಜು ಅಥವಾ ಹೆಬ್ಬೆಟ್ಟು ಬಿದ್ದ ಇನ್ನೊಂದು ಚೀಟಿ ಕಳಿಸಿದವನಿಗೆ ವಾಪಸು ಬರುತ್ತಿತ್ತು. ಅಂಚೆ ಇಲಾಖೆ 2015ರಲ್ಲಿ ಈ ಪದ್ಧತಿಯನ್ನೇ ನಿಲ್ಲಿಸಿತು. ಅಮ್ಮನ ಹೆಬ್ಬೆಟ್ಟಿನ ಚೀಟಿಗಳನ್ನು ನಾನು ಒಂದೂ ಇಟ್ಟುಕೊಳ್ಳಲಿಲ್ಲ. ಅಕ್ಕ ನನ್ನ ಕೂಪನ್ನುಗಳನ್ನು ಒಂದೂ ಬಿಸಾಡಲಿಲ್ಲ.

ಕೂತು ಓದಿದೆ. "ಕ್ಷೇಮ. ಗೊಬ್ಬರಕ್ಕೆ 40. ಅಂಗಡಿ ಬಾಕಿ 25. ಉಳಿದದ್ದು ಮನೆಗೆ." "ಕ್ಷೇಮ. ಈ ತಿಂಗಳು ಓವರ್‌ಟೈಮ್ ಇಲ್ಲ." "ಮಳೆ ಹೇಗೆ? ಮಾಡು ಹೊದೆಸಿದಿರಾ?" 1979ರ ಒಂದು ಕೂಪನ್ನಿನಲ್ಲಿ, "ಅಕ್ಕನ ಸೀರೆ ಮುಂದಿನ ತಿಂಗಳು" ಎಂದಿದೆ. ಮುಂದಿನದರಲ್ಲೂ ಅದೇ ಮಾತು. ಅದರ ಮುಂದಿನದರಲ್ಲೂ. ನಾಲ್ಕನೆಯದರಲ್ಲಿ ಸೀರೆಯ ಸುದ್ದಿ ಇಲ್ಲ. ಆ ಸೀರೆ ಕೊಟ್ಟೆನೋ ಇಲ್ಲವೋ ನನಗೆ ನೆನಪಿಲ್ಲ, ಅಕ್ಕನನ್ನು ಕೇಳುವ ಧೈರ್ಯವೂ ಆಗಲಿಲ್ಲ.

ಮುಂಬಯಿ ಕನ್ನಡಿಗರ ಮೊದಲ ಆತ್ಮಕತೆ ಈ ಕೂಪನ್ನುಗಳಲ್ಲೇ ಇದೆ ಎಂದು ಆವತ್ತು ನನಗೆ ಅನಿಸಿತು. ಮೂರು ಬೆರಳಗಲದ ಜಾಗದಲ್ಲಿ ಸುಳ್ಳು ಬರೆಯಲು ಎಡೆ ಇರಲಿಲ್ಲ. ದುಡ್ಡು ಎಷ್ಟು, ಯಾರಿಗೆ ಎಷ್ಟು, ಯಾರಿಗೆ ಈ ಸಲ ಇಲ್ಲ. ಶಿವರಾಮ ಕಾರಂತರ 'ಅಳಿದ ಮೇಲೆ' ನೆನಪಾಗಬೇಕು ಇಲ್ಲಿ. ಮುಂಬಯಿಯಲ್ಲಿ ಒಂಟಿಯಾಗಿ ಸತ್ತ ಯಶವಂತರಾಯರು ಊರಿನ ಯಾರು ಯಾರಿಗೆ ಹಣ ಕಳಿಸುತ್ತಿದ್ದರು ಎಂಬುದರ ಜಾಡು ಹಿಡಿದೇ ಕಾದಂಬರಿಯ ನಿರೂಪಕ ಆ ಮನುಷ್ಯನ ಬದುಕನ್ನು ಹುಡುಕಿ ಹೊರಡುತ್ತಾನೆ. 1960ರಲ್ಲಿ ಬಂದ ಪುಸ್ತಕ. ಊರು ಬಿಟ್ಟವನನ್ನು ತಿಳಿಯಬೇಕಾದರೆ ಅವನ ಹಣ ಯಾರ ಕೈಗೆ ತಲುಪಿತು ಎಂದು ಹೋಗಿ ನೋಡಬೇಕು ಎಂಬುದು ಕಾರಂತರಿಗೆ ಹೊಳೆದಿತ್ತು. ಮುಂಬಯಿಯ ನಾವು ಅದನ್ನು ನಮ್ಮದೇ ಕತೆ ಎಂದು ಓದಲೇ ಇಲ್ಲವೇನೋ.

ಡೊಂಬಿವಲಿಗೆ ಮರಳಿ ಬಂದು ಗಂಜಿಯ ಅಧ್ಯಾಯವನ್ನು ಮತ್ತೆ ತೆಗೆದೆ. ಅಡಿಗೆಮನೆ ಊರಾಗಿಬಿಡುತ್ತದೆ ಎಂದಿದ್ದೆನಲ್ಲ, ಆ ಸಾಲು ಈಗ ಬೇರೆ ರೀತಿ ಕಂಡಿತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ನನ್ನ ಜೊತೆ ಕೂತು ಗಂಜಿ ಉಂಡದ್ದು ಯಾವಾಗ? ಮೊದಲು ನಾನು, ಆಮೇಲೆ ಮಕ್ಕಳು, ಕಡೆಗೆ ಅವಳು. ಚಾಳಿನ ಒಂದೇ ಕೋಣೆಯಲ್ಲಿದ್ದಾಗಲೂ ಹಾಗೆ, ಫ್ಲಾಟಿಗೆ ಬಂದ ಮೇಲೂ ಹಾಗೆ. ಯಾರೂ ನಿಯಮ ಹಾಕಿದ್ದಲ್ಲ. ಊರು ನನ್ನ ಹಿಂದೆ ಬಂದದ್ದು ಮಾವಿನ ಮಿಡಿಯ ಭರಣಿಯಲ್ಲಿ ಎಂದು ನಾನು ಬರೆದಿದ್ದೆ. ಅದು ಬಡಿಸುವ ಕ್ರಮದಲ್ಲಿಯೂ ಬಂದಿತ್ತು, ಅದನ್ನು ಬರೆಯಲಿಲ್ಲ. ಅಕ್ಕ ಹೇಳಿದ್ದನ್ನು ಹೆಂಡತಿಗೆ ಹೇಳಿದೆ. "ನನ್ನನ್ನು ಕೇಳಿದ್ರೆ ನಾನೇ ಹೇಳ್ತಿದ್ದೆ. ಟಿಕೆಟಿನ ದುಡ್ಡಾದ್ರೂ ಉಳೀತಿತ್ತು" ಎಂದಳು.

ಒಂದೂವರೆ ಸಾಲಿನಲ್ಲಿ ಹೆಂಗಸರು ಬರೆದ ಪುಸ್ತಕ ಎರಡೇ ಎರಡು. ನಮ್ಮ ಮಗ್ಗುಲಿನ ಮರಾಠಿಯಲ್ಲಿ ಹೀಗಿಲ್ಲ. ರತ್ನಾಗಿರಿ ಕಡೆಯಿಂದ ಮುಂಬಯಿಗೆ ಬಂದ ಊರ್ಮಿಳಾ ಪವಾರರ 'ಆಯದಾನ' 2003ರಲ್ಲಿ ಬಂತು. ಆಯದಾನ ಎಂದರೆ ಬಿದಿರಿನಿಂದ ಹೆಣೆದ ಬುಟ್ಟಿ, ಮೊರ ಇತ್ಯಾದಿ. ತಾಯಿ ಬುಟ್ಟಿ ಹೆಣೆದು ಮಕ್ಕಳನ್ನು ಸಾಕಿದಳು; ಆ ಹೆಣಿಗೆಗೂ ತನ್ನ ಬರವಣಿಗೆಗೂ ಇರುವ ನಂಟನ್ನು ಮಗಳು ಗುರುತಿಸುತ್ತಾಳೆ. ದಿನನಿತ್ಯದ ಒಂದು ಕೆಲಸದಲ್ಲಿ ಊರು ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಬಿದಿರಿಗೆ ಪರಿಮಳ ಇಲ್ಲ, ಕೈಗೆ ಸಿಬಿರು ಇದೆ.

ಅದಕ್ಕೂ ಮೊದಲು, 1978ರಲ್ಲಿ, ದಯಾ ಪವಾರರ 'ಬಲುತ' ಬಂತು. ಮುಂಬಯಿಯ ಕಾವಾಖಾನೆಗೂ ಊರಿನ ಮಹಾರವಾಡಕ್ಕೂ ನಡುವೆ ಹೋಗಿಬರುವ ಆತ್ಮಕತೆ. ದಗಡೂ ಎಂಬ ಹಳೆಯ ತಾನು, ದಯಾ ಎಂಬ ಓದು ಬಲ್ಲ ತನಗೆ ಕತೆ ಹೇಳುತ್ತಾನೆ. ಊರು ನೆನಪಾದರೆ ಸುಖವಾಗುವ ಹಕ್ಕು ಎಲ್ಲರಿಗೂ ಒಂದೇ ರೀತಿ ಸಿಕ್ಕಿಲ್ಲ ಎಂದು ನನಗೆ ತಿಳಿಸಿದ ಪುಸ್ತಕ ಇದು. ನಮ್ಮ ಗದ್ದೆಯಲ್ಲಿ ನೇಜಿ ನೆಟ್ಟವರು ನನ್ನ ಹಸ್ತಪ್ರತಿಯಲ್ಲೂ ಬರುತ್ತಾರೆ. "ಮನೆಯವರಂತೆ ಇದ್ದರು" ಎಂದು ಬರೆದಿದ್ದೇನೆ. ಅವರು ಅಂಗಳದಾಚೆ ಕೂತು ಅಡಿಕೆ ಹಾಳೆಯಲ್ಲಿ ಗಂಜಿ ಕುಡಿಯುತ್ತಿದ್ದರು. ಅಮ್ಮನ ತಿಳಿಯನ್ನು ಮರೆತವನು ಇದನ್ನು ನೆನಪಿಟ್ಟಿದ್ದಾನೆ, ಆದರೆ "ಮನೆಯವರಂತೆ" ಎಂಬ ಮಾತಿನ ಅಡಿ ಮುಚ್ಚಿಟ್ಟಿದ್ದಾನೆ. ಅವರ ಮಕ್ಕಳಲ್ಲಿ ಒಬ್ಬ ಮುಂಬಯಿಗೆ ಬಂದಿದ್ದ, ಗೋದಿಯಲ್ಲಿ ಕೆಲಸಕ್ಕಿದ್ದ ಎಂದು ಕೇಳಿದ್ದೆ. ಅವನು ನಮ್ಮ ಯಾವ ಸಂಘಕ್ಕೂ ಬರಲಿಲ್ಲ. ಅವನು ಬರೆದರೆ ನಮ್ಮ ಮನೆ ಹೇಗೆ ಕಾಣುತ್ತಿತ್ತೋ.

ಹಾಗೆಂದು ನೆನಪಿನ ಸಿಹಿಯನ್ನೆಲ್ಲ ಬರಹದಿಂದ ಗುಡಿಸಿ ಹಾಕಬೇಕೆಂದು ನಾನು ವಾದಿಸುತ್ತಿಲ್ಲ. ಲೋಕಲಿನಲ್ಲಿ ಕೇಳಿದ "ಮಳಿ ಬಂತಾ" ನನಗೆ ಇವತ್ತಿಗೂ ಬೇಕು. ಗಂಜಿಯೂ ರುಚಿಯಾಗಿಯೇ ಇತ್ತು. ಅದನ್ನು ಅಕ್ಕನೂ ಅಲ್ಲಗಳೆಯಲಿಲ್ಲ. "ತಿಳಿ ಉಪ್ಪ್ ಹಾಕಿ ಕುಡಿದ್ರೆ ಲಾಯ್ಕ್ ಆತಿತ್ತ್" ಎಂದು ಆಮೇಲೆ ಅವಳೇ ಹೇಳಿದಳು. ಆ ಮಾತು ನನ್ನ ಅಧ್ಯಾಯದಲ್ಲಿ ಇರಬೇಕಾಗಿತ್ತು. ಅದನ್ನು ಬರೆಯಲು ನಾನು ಒಬ್ಬನೇ ಸಾಲುವುದಿಲ್ಲ, ಕೇಳಿ ಬರೆಯಬೇಕು. ನಮ್ಮ ಪುಸ್ತಕಗಳ ದೊಡ್ಡ ಕೊರತೆ ಬಹುಶಃ ಇದೇ: ಊರಿನ ಬಗ್ಗೆ ಬರೆಯುವಾಗ ಊರಿನಲ್ಲಿ ಉಳಿದವರನ್ನು ನಾವು ಏನನ್ನೂ ಕೇಳುವುದಿಲ್ಲ. ಹಣ ಕಳಿಸಿದವನು ಕತೆಯನ್ನೂ ತಾನೇ ಹೇಳುತ್ತಾನೆ.

ಆರು ಪುಟದ ಅಧ್ಯಾಯ ಈಗ ನಾಲ್ಕೂವರೆ ಆಗಿದೆ. ಕರಟದ ಸೌಟು ಉಳಿದಿದೆ, ಹೊಗೆಯ ವರ್ಣನೆ ಹೋಗಿದೆ. ಕೂಪನ್ನುಗಳನ್ನು ಇದ್ದ ಹಾಗೆಯೇ ತಾರೀಖಿನ ಪ್ರಕಾರ ಸೇರಿಸಿದ್ದೇನೆ, ಸೀರೆಯ ಮೂರೂ ಸಲದ ಮಾತು ಸಹಿತ. ಪಠ್ಯಕ್ಕೆ ಇಡಬಹುದು ಎಂದಿದ್ದ ಗೆಳೆಯರು ಹೊಸ ಕರಡು ಓದಿ, "ಮೊದಲಿನದೇ ಚೆನ್ನಾಗಿತ್ತು, ಇದರಲ್ಲಿ ಊರಿನ ಘಮ ಇಲ್ಲ" ಎಂದರು. ಅವರು ಹೇಳುವುದೂ ಸರಿ ಇರಬಹುದು. ಮುಂದಿನ ತಿಂಗಳು ಮತ್ಸ್ಯಗಂಧಕ್ಕೆ ಎರಡು ಟಿಕೆಟು ಮಾಡಿಸಿದ್ದೇನೆ. ಈ ಸಲ ಹೆಂಡತಿಯೂ ಬರುತ್ತಾಳೆ. ಮನೆಯ ಮಾರಾಟ ಇನ್ನೂ ಆಗಿಲ್ಲ. ಚಾವಡಿಯಲ್ಲಿ ಅಕ್ಕ ಕನ್ನಡಕ ಒರೆಸಿಕೊಂಡು ಕೂತು ಓದುವಾಗ ನಾನು ಅಲ್ಲೇ ಇರಬೇಕೋ, ಪೇಟೆಯ ಕಡೆ ಹೋಗಿ ಬರಬೇಕೋ ಎಂದು ತೀರ್ಮಾನಿಸಿಲ್ಲ.